ಮಾಚವ್ವೆ ಏನಾದಳು?

ತಮಿಳು ಸೀಮೆಯ ಪೆರಂಬೂರಿನ ನಮ್ಮ ಕನ್ನಡ ಸಂಘದ ಲೈಬ್ರರಿಯಲ್ಲಿ ಒಂದು ಕಾದಂಬರಿ ಇದೆ. ಹೆಸರು ಹೇಳುವುದಿಲ್ಲ, ಹೇಳಿದರೆ ಮತ್ತೆ ಜಗಳ. ಎಂಟುನೂರು ವರ್ಷಗಳ ಹಿಂದಿನ ಕಥೆ, ಸಾವಿರದ ನೂರು ಪುಟ, ದಂಡನಾಯಕ ಬಮ್ಮರಸನ ಯುದ್ಧಗಳು. ಇದ್ದದ್ದು ಒಂದೇ ಪ್ರತಿ, ಓದಲೇಬೇಕೆಂದು ಪಟ್ಟು ಹಿಡಿದವರು ಇಪ್ಪತ್ತೆರಡು ಜನ. ರೈಲ್ವೆ ಕೋಚ್ ಕಾರ್ಖಾನೆಯಿಂದ ನಿವೃತ್ತರಾದ ಕಮಲಾಕರ ಅದನ್ನು ಮನೆಗೆ ಒಯ್ದು, ನಾಲ್ಕು ತುಂಡು ಮಾಡಿ, ಒಂದೊಂದಕ್ಕೂ ರಟ್ಟು ಕಟ್ಟಿ ತಂದರು.

"ನಾಲ್ಕು ಬೋಗಿ ಸಾರ್. ಒಂದೇ ಸಲ ನಾಲ್ಕು ಜನ ಹತ್ಬೋದು," ಎಂದರು.

ಲೈಬ್ರರಿ ನೋಡಿಕೊಳ್ಳುವ ನಾನು ಭೇಷ್ ಎಂದುಬಿಟ್ಟೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಯಾರಿಗೆ ಯಾವ ಬೋಗಿ ಸಿಕ್ಕಿತೋ ಅಷ್ಟನ್ನೇ ಓದಿ ಅಭಿಪ್ರಾಯ ಕಟ್ಟಿಕೊಂಡರು. ಮೊದಲನೆಯದರಲ್ಲಿ ಬಮ್ಮರಸ ರಾಜನ ಪ್ರಾಣ ಉಳಿಸುತ್ತಾನೆ. ಓದಿದವರಿಗೆ ಅವನು ದೇವರು. ಮೂರನೆಯದರಲ್ಲಿ ಶತ್ರುವಿಗೆ ಕೋಟೆಯ ಬಾಗಿಲು ತೆರೆಯುತ್ತಾನೆ. ಓದಿದವರಿಗೆ ಅವನು ದ್ರೋಹಿ. ಎರಡನೆಯದರಲ್ಲಿ ಅವನಿಗೆ ಬರೀ ಜ್ವರ, ಅದನ್ನು ಓದಿದವರು ಎರಡೂ ಕಡೆ ಹಂಚಿಹೋದರು. ದೇವರ ಪಕ್ಷಕ್ಕೆ ಕಮಲಾಕರ ಮುಖಂಡರು, ದ್ರೋಹಿ ಪಕ್ಷಕ್ಕೆ ಬ್ಯಾಂಕಿನಿಂದ ನಿವೃತ್ತರಾದ ವಾಸಂತಿ. ಸಭಾಂಗಣದಲ್ಲಿ ಕುರ್ಚಿಗಳು ಎದುರುಬದುರಾದವು. ರಾಜ್ಯೋತ್ಸವ ಎರಡು ಸಲ ನಡೆಯಿತು. ಕೇಸರಿಬಾತ್ ಎರಡು ಸಲ ತಿಂದೆ, ಆ ಒಂದು ವಿಷಯದಲ್ಲಿ ನನ್ನ ದೂರಿಲ್ಲ.

ಕೊನೆಯಿಂದ ಶುರುಮಾಡಲು ಒಪ್ಪದೆ ಯಾರೂ ಮುಟ್ಟಿರದ ನಾಲ್ಕನೆಯದನ್ನು ಓದಿದರೆ ಜಗಳ ಮುಗಿಯಿತಲ್ಲ ಎಂದೆ. ಇಬ್ಬರೂ ನನ್ನನ್ನು ಹುಚ್ಚನನ್ನು ನೋಡುವಂತೆ ನೋಡಿದರು.

"ತೀರ್ಮಾನ ಆಗೋ ಮುಂಚೆ ಕೊನೆ ಓದೋದು ನ್ಯಾಯಾನಾ, ಅಂದಾನಿಯವರೇ? ಅದು ಪಕ್ಷಪಾತ," ಎಂದರು ವಾಸಂತಿ. ಬ್ಯಾಂಕ್ ಲಾಕರಿನ ಕ್ರಮದಂತೆ ಅದನ್ನು ಬೀರುವಿನಲ್ಲಿಟ್ಟು, ಎರಡು ಬೀಗ ಜಡಿದು, ಒಂದು ಕೀ ತಾವು ಇಟ್ಟುಕೊಂಡು ಇನ್ನೊಂದನ್ನು ಕಮಲಾಕರರಿಗೆ ಕೊಟ್ಟರು.

ಇಪ್ಪತ್ತೆರಡು ಜನರಲ್ಲಿ ಮೊದಲಿನಿಂದ ಕ್ರಮವಾಗಿ ಓದಿದವರು ಲೀಲಮ್ಮ ಒಬ್ಬರೇ. ಎಂಬತ್ತೊಂದು ವರ್ಷ. ಗಂಡ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದವರು, ತೀರಿಕೊಂಡು ಹತ್ತು ವರ್ಷವಾಯಿತು. ಭೂತಗನ್ನಡಿ ಹಿಡಿದು ದಿನಕ್ಕೆ ನಾಲ್ಕೇ ಪುಟ ಓದುತ್ತಿದ್ದರು. ಮೂರನೆಯ ಬೋಗಿ ವಾಪಸು ತಂದ ದಿನ ನನ್ನನ್ನು ಕೇಳಿದರು:

"ಮಾಚವ್ವೆ ಏನಾದ್ಲಪ್ಪ?"

ಯಾರೆಂದು ನೆನಪಾಗಲಿಲ್ಲ.

"ಬಮ್ಮರಸನ ಹೆಂಡ್ತಿ. ಅರವತ್ತನೇ ಪುಟದಲ್ಲಿ ಬುತ್ತಿ ಕಟ್ಕೊಟ್ಟು ಬಾಗ್ಲಲ್ಲಿ ನಿಂತ್ಲು. ಆಮೇಕೆ ಸುದ್ದೀನೇ ಇಲ್ಲ. ಇರೋ ಒಂದ್ ಕಣ್ಣೂ ಪೊಂಗಲ್ ಗಂಟ ತಡೆಯಲ್ಲ ಅಂದವ್ರೆ ಡಾಕ್ಟ್ರು. ಕೊನೇದನ್ನ ಸೀಕ್ರಂ, ಬೇಗ ಕೊಡ್ಸಪ್ಪ."

ಭಾನುವಾರದ ಸಭೆಯಲ್ಲಿ ವಿಷಯ ತೆಗೆದೆ.

"ಎನ್ನ ಸಾರ್, ಮಾಚವ್ವೆ ಅಂದ್ರೆ ಯಾರು?" ಎಂದರು ಕಮಲಾಕರ. ವಾಸಂತಿ ನಕ್ಕರು.

"ನಿಮ್ಮ ಬಮ್ಮರಸ ಸತ್ತು ಎಂಟುನೂರು ವರ್ಷ ಆಯ್ತು. ಈಯಮ್ಮನ ಕಣ್ಣು ಪೊಂಗಲ್ ತನಕ ಇರಲ್ಲ! ತೆಗೀರ್ರೀ ಬೀಗ!" ಎಂದು ಮೇಜು ಗುದ್ದಿದೆ. ಮೂವತ್ತೈದು ವರ್ಷದ ಇನ್ಷೂರೆನ್ಸ್ ನೌಕರಿಯಲ್ಲಿ ಒಮ್ಮೆಯೂ ಮೇಜು ಗುದ್ದಿದವನಲ್ಲ. ಕೈ ಊದಿಕೊಂಡಿತು. ಕೊನೆಗೆ ಒಪ್ಪಿದರು, ಎರಡೂ ಪಕ್ಷಗಳ ಎದುರಿಗೇ ನಾನು ಗಟ್ಟಿಯಾಗಿ ಓದಬೇಕೆಂಬ ಷರತ್ತಿನ ಮೇಲೆ.

ಓದಿದೆ. ಮೊದಲ ಸಾಲಿನಲ್ಲೇ ಮಾಚವ್ವೆ ಇದ್ದಳು! ಗಂಡ ಬಾರದೆ ಹೋದಾಗ ಹೊಲ ಉತ್ತಳು, ಬರ ಬಂದಾಗ ಊರವರನ್ನು ಸೇರಿಸಿ ಕೆರೆ ತೋಡಿಸಿದಳು, ಏರಿ ಒಡೆದರೆ ಮತ್ತೆ ಕಟ್ಟಿಸಿದಳು. ಕಮಲಾಕರ ಹತ್ತು ಪುಟಕ್ಕೊಮ್ಮೆ "ಬಮ್ಮರಸ ಬಂದ್ನಾ?" ಎನ್ನುತ್ತಿದ್ದರು. ಆರು ಭಾನುವಾರ, ಇನ್ನೂರೆಪ್ಪತ್ತು ಪುಟ. ಅವನ ಹೆಸರೇ ಬರಲಿಲ್ಲ. ಕೊನೆಯಲ್ಲಿ ಮುದುಕಿ ಮಾಚವ್ವೆ ಕೆರೆ ಕೋಡಿ ಬಿದ್ದದ್ದನ್ನು ನೋಡಿ, ಕಾಲು ತೊಳೆದುಕೊಂಡು ಮನೆಗೆ ಹೋಗುತ್ತಾಳೆ.

ವರ್ಷದಲ್ಲಿ ಮೊದಲ ಸಲ ಎರಡೂ ಪಕ್ಷಗಳು ಒಂದಾದವು.

"ಇದು ಈ ಕಾದಂಬರೀನೇ ಅಲ್ಲ," ಎಂದರು ವಾಸಂತಿ.

"ಕರೆಕ್ಟ್ ಮೇಡಂ. ಬೇರೆ ಗಾಡಿ ಬೋಗಿ ಸೇರ್ಕೊಂಡಿದೆ," ಎಂದರು ತಾವೇ ಕತ್ತರಿಸಿ ರಟ್ಟು ಹಾಕಿದ ಕಮಲಾಕರ.

ನಾಲ್ಕನೆಯ ಬೋಗಿಯನ್ನು ಲೈಬ್ರರಿಯಿಂದ ತೆಗೆದುಹಾಕಲು ಸರ್ವಾನುಮತದಿಂದ ಠರಾವಾಯಿತು. ಎಲ್ಲರೂ ಕೈಕುಲುಕಿ, ಕುರ್ಚಿಗಳನ್ನು ಒಂದೇ ಕಡೆಗೆ ತಿರುಗಿಸಿಕೊಂಡರು.

"ಬ್ಯಾಡಾಂದ್ರೆ ನಂಗೆ ಕೊಡಿ," ಎಂದರು ಲೀಲಮ್ಮ.

ಕೊಟ್ಟೆ. ಅಷ್ಟು ಹೊತ್ತಿಗೆ ಆ ಕಣ್ಣೂ ಮಂಜಾಗಿತ್ತು. ಓದಲಾಗದ ಪುಸ್ತಕ ಇವರಿಗೇಕೆ ಎಂದು ನನಗೆ ಸಂಕಟವಾಯಿತು. ಅವರು ರಟ್ಟು ಸವರುತ್ತಾ ಹೇಳಿದರು:

"ನಮ್ಮನೆಯವ್ರು ಡ್ಯೂಟಿ ಮುಗ್ಸಿ ಬಂದ್ರೆ, ಜೋಲಾರ್‌ಪೇಟೇಲಿ ಏನಾಯ್ತು, ಅರಕ್ಕೋಣಂನಲ್ಲಿ ಏನಾಯ್ತು ಅಂತ ಎಲ್ರೂ ಕೇಳೋರು. ಮನೇಲಿ ಏನಾಯ್ತು ಅಂತ ಒಬ್ರೂ ಕೇಳ್ಲಿಲ್ಲ. ಇವ್ಳನ್ನ ಯಾರೋ ಪುಣ್ಯಾತ್ಮರು ಕೇಳವ್ರೆ ನೋಡು, ಇನ್ನೂರೆಪ್ಪತ್ತು ಪುಟ."

ಅವರ ಪಕ್ಕಕ್ಕೆ ಕುರ್ಚಿ ಎಳೆದುಕೊಂಡೆ.

"ಮನೇಲಿ ಏನಾಯ್ತು ಲೀಲಮ್ಮ?"

ಅವರು ನನ್ನ ಮುಖ ಇರಬಹುದಾದ ಕಡೆಗೆ ತಿರುಗಿದರು.

"ಸರಿಯಾಗಿ ಕೂತ್ಕೊ," ಎಂದರು. "ಆರು ಭಾನ್ವಾರ ಸಾಲಲ್ಲ."