ವಂದನೆಗೆ ಸಿಗದ ಕಜೆಟನ್ ಅಂಕಲ್

ಬಾಯಲ್ಲಿ ಹೇರ್‌ಪಿನ್ನುಗಳನ್ನು ಕಚ್ಚಿಕೊಂಡೇ ಸಿಂಚನಾ ವ್ಯಾನಿನೊಳಗೆ ಪುಟ್ಟ ಸಹಲಾಳ ಕೂದಲನ್ನು ಎಳೆದು ತುರುಬು ಕಟ್ಟುತ್ತಿದ್ದಳು. ಹಿಂದಿನ ಸೀಟಿನಲ್ಲಿ ಅವಳು ಕಲಿಸುವ ಬ್ಯಾಲೆ ಕ್ಲಾಸಿನ ಉಳಿದ ಹುಡುಗಿಯರು ಸರದಿ ಕಾಯುತ್ತಿದ್ದರು. ಹೊರಗೆ ಸ್ಮಶಾನದ ಶಾಮಿಯಾನದಡಿ, ಅವರ ಪಾಠಕ್ಕೆ ಕೀಬೋರ್ಡ್ ನುಡಿಸುತ್ತಿದ್ದ ಕಜೆಟನ್ ಅಂಕಲ್ ಪೆಟ್ಟಿಗೆಯಲ್ಲಿ ಮಲಗಿದ್ದರು. ಪಾದ್ರಿಗಳು ಇನ್ನೂ ದಾರಿಯಲ್ಲಿದ್ದರು.

ವ್ಯಾನ್ ಓಡಿಸಿಕೊಂಡು ಬಂದಿದ್ದ ಸಿಂಚನಾಳ ಅಪ್ಪ ತಿಮ್ಮರಾಯಪ್ಪನವರು ಈ ಸಿದ್ಧತೆ ಕಂಡು ಹಿಂದಕ್ಕೆ ತಿರುಗಿದರು.

"ಅಲ್ಲ ಕಣಮ್ಮಾ, ಸತ್ತೋರ ಮುಂದೆ ಮಕ್ಳನ್ನ ಕುಣಿಸ್ತೀಯಾ? ಅವರ ಹೆಂಡ್ತಿ ಏನಂದ್ಕೋತಾರೆ?"

"ಕುಣಿಯಲ್ಲ ಅಪ್ಪ, ಬರೀ ಬಾಗ್ತಾರೆ."

ಹೇಳಿದಳೇನೋ ಸರಿ, ಒಪ್ಪಿಗೆ ಇನ್ನೂ ಕೇಳಿರಲಿಲ್ಲ. ಅಂಕಲ್ ಹೆಂಡತಿ ಸೆವ್ರಿನ್ ಬಾಯಿ ಒಂದು ಸಲ ಬೇಡವೆಂದರೆ ಮುಗಿಯಿತು, ಆ ವಂದನೆ ಇನ್ನೆಂದಿಗೂ ಸಲ್ಲುವುದಿಲ್ಲ.

* * *

ಬ್ಯಾಲೆ ಕಲಿಸುವುದರಲ್ಲಿ ಒಂದೊಂದು ದೇಶದ್ದು ಒಂದೊಂದು ಪದ್ಧತಿ. ರಷ್ಯಾದವರು ಕೈ ಹೀಗಿರಲಿ ಅಂದರೆ ಇಟಲಿಯವರು ಹಾಗಿರಲಿ ಅನ್ನುತ್ತಾರೆ. ಒಂದು ವಿಷಯಕ್ಕೆ ಮಾತ್ರ ಯಾರದೂ ತಕರಾರಿಲ್ಲ. ಪಾಠ ಮುಗಿದ ಮೇಲೆ ಮೊದಲು ಟೀಚರಿಗೆ, ಆಮೇಲೆ ಪಿಯಾನೋ ನುಡಿಸಿದವರಿಗೆ ಮಕ್ಕಳು ಮಂಡಿ ಬಗ್ಗಿಸಿ ವಂದಿಸಬೇಕು. ಸಿಂಚನಾಳ ಮುದುಕಿ ಟೀಚರ್ ಇದಕ್ಕೆ ತಮ್ಮದೂ ಒಂದು ಕಟ್ಟಳೆ ಸೇರಿಸಿದ್ದರು: ವಂದನೆ ಪಡೆದವರು ತಿರುಗಿ ವಂದಿಸುವವರೆಗೆ ಯಾರೂ ಏಳಕೂಡದು. ಕೊಲ್ಲಿ ನಾಡಿನ ಹವಲ್ಲಿ ಬಡಾವಣೆಯ ಹಳೆ ಕಟ್ಟಡದ ನೆಲಮಾಳಿಗೆಯಲ್ಲಿ ತನ್ನದೇ ಕ್ಲಾಸು ತೆರೆದಾಗ ಸಿಂಚನಾ ಅದನ್ನೂ ಬಿಡಲಿಲ್ಲ.

ಕಜೆಟನ್ ಹಗಲೆಲ್ಲ ಶುವೈಖ್‌ನ ಗೋದಾಮೊಂದರಲ್ಲಿ ಎ.ಸಿ. ಬಿಡಿಭಾಗಗಳ ನಡುವೆ ಬೆವರುತ್ತಿದ್ದವರು. ಸಂಜೆ ಕೀಬೋರ್ಡಿನ ಮುಂದೆ ಕೂತರೆ ಆಳೇ ಬೇರೆ. ಮಂಡಿ ಬಗ್ಗಿಸುವ ಮೊದಲ ಅಭ್ಯಾಸಕ್ಕೆ, ಮಂಗಳೂರಿನ ಕ್ರೈಸ್ತರ ಮನೆಗಳಲ್ಲಿ ಮದುಮಗಳಿಗೆ ತೆಂಗಿನಹಾಲು ಹಚ್ಚುವಾಗ ಹಾಡುವ ರೋಸ್ ಹಾಡನ್ನು ಎಳೆದೆಳೆದು ನುಡಿಸುತ್ತಿದ್ದರು. ಲೆಬನಾನಿನ ಮಕ್ಕಳು, ಈಜಿಪ್ಟಿನ ಮಕ್ಕಳು, ಬ್ಯಾರಿಗಳ ಮಕ್ಕಳು, ಎಲ್ಲರೂ ಅದನ್ನೇ ಅಸಲಿ ಬ್ಯಾಲೆ ಸಂಗೀತವೆಂದು ನಂಬಿದ್ದರು.

ಅಂಥ ಮನುಷ್ಯ ವಂದನೆಯ ಹೊತ್ತಿಗೆ ಮಾಯ. ವಯರ್ ಸುತ್ತುವ ನೆಪದಲ್ಲಿ ಮೇಜಿನಡಿ ನುಸುಳುವರು, ಇಲ್ಲವೇ ಚಹಾದ ಲೋಟ ತೊಳೆಯಲು ಓಡುವರು. ಮಕ್ಕಳು ಖಾಲಿ ಕುರ್ಚಿಗೆ ಬಾಗಿ ಕಿಸಿಕಿಸಿ ನಗುವರು. ಪಾಪ, ಕೊನೆಗೆ ಸಿಂಚನಾ ಟೀಚರೇ ಅವರ ಪರವಾಗಿ ತಿರುಗಿ ವಂದಿಸಬೇಕು.

"ನಾನೆಂತ ದೊಡ್ಡ ಜನವಾ? ನಂಗೆ ನಾಚಿಕೆ ಆಗ್ತದೆ ಮಾರಾಯ್ತಿ," ಅನ್ನುತ್ತಿದ್ದರು.

ಕಳೆದ ವಾರ ಸಿಂಚನಾ ಬಾಗಿಲಿಗೆ ಅಡ್ಡ ನಿಂತು ಹಠ ಹಿಡಿದಾಗ, ವಾರ್ಷಿಕೋತ್ಸವದ ದಿನ ಓಡುವುದಿಲ್ಲ, ಎದ್ದು ನಿಂತೇ ವಂದನೆ ತೆಗೆದುಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದರು. ಅಷ್ಟರಲ್ಲಿ ನಿದ್ದೆಯಲ್ಲೇ ಹೋಗಿಬಿಟ್ಟರು. ಎಂಥ ಚಾಲಾಕಿ ಮನುಷ್ಯ ನೋಡಿ.

* * *

ಸಿಂಚನಾ ಮೆಲ್ಲಗೆ ಕೇಳಿದಳು. ಸೆವ್ರಿನ್ ಬಾಯಿ ಸಾಲಾಗಿ ನಿಂತ ತುರುಬುಗಳನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು.

"ಬಾಗ್ಲಿ. ಇವತ್ತು ಅವರಿಗೆ ಮೇಜಿನಡಿ ಹೋಗ್ಲಿಕ್ಕೆ ಆಗುದಿಲ್ಲ ಅಲ್ವಾ?"

ಶಾಮಿಯಾನದಡಿ ಯಾರೋ ತಡೆಯಲಾರದೆ ನಕ್ಕರು, ಆ ನಗು ಎಲ್ಲರಿಗೂ ಹಬ್ಬಿತು. ಸಂಗೀತವಿಲ್ಲವಲ್ಲ ಎಂದು ಸಹಲಾಳೇ ರೋಸ್ ಹಾಡಿನ ರಾಗ ಗುನುಗಿದಳು. ಮಂಗಳೂರಿನವರಿಗೆ ಗುರುತು ಹತ್ತಲು ಎಷ್ಟು ಹೊತ್ತು? ಮೊದಲು ಹೆಂಗಸರು, ಆಮೇಲೆ ಗಂಡಸರು ಕಣ್ಣೊರೆಸಿಕೊಳ್ಳುತ್ತಲೇ ದನಿಗೂಡಿಸಿದರು. ಸ್ಮಶಾನದಲ್ಲಿ ಮದುವೆಯ ಹಾಡು! ಮಕ್ಕಳು ಕಾಲು ಹಿಂದಿಟ್ಟು ಬಾಗಿದರು.

ಬಾಗಿದವರು ಏಳಲಿಲ್ಲ. ಟೀಚರೂ ಅವರೊಡನೆ ಬಾಗಿಬಿಟ್ಟಿದ್ದಳು. ಈಗ ತಿರುಗಿ ವಂದಿಸುವವರು ಯಾರು? ಸಿಂಚನಾಳಿಗೆ ಅದು ಹೊಳೆದೇ ಇರಲಿಲ್ಲ. ಸಹಲಾಳ ಮಂಡಿ ನಡುಗತೊಡಗಿತು.

ಆಗ ಸೆವ್ರಿನ್ ಬಾಯಿ ಕುರ್ಚಿ ಹಿಡಿದು ಎದ್ದರು. ಎಡಗಾಲನ್ನು ಹಿಂದೆ ಸರಿಸಿ, ಎದೆಯ ಮೇಲಿದ್ದ ಕೈಯನ್ನು ಪಕ್ಕಕ್ಕೆ ಬಿಡಿಸಿ, ಕತ್ತು ಬಾಗಿಸಿ ವಂದಿಸಿದರು. ಎಳ್ಳಷ್ಟೂ ತಪ್ಪಿರಲಿಲ್ಲ. ಮಕ್ಕಳು ನಿಟ್ಟುಸಿರು ಬಿಟ್ಟು ಎದ್ದರು.

"ಆಂಟಿ, ನಿಮಗಿದು ಹೇಗೆ..."

"ಕಪಾಟಿನ ಕನ್ನಡಿ ಎದುರು ದಿನಾ ಇದೇ ಕೆಲಸ ಅಲ್ವಾ ನಮ್ದು? ನಾನು ನಿನ್ನ ಮಕ್ಕಳ ಹಾಗೆ ಬಾಗುದು, ಅವರು ತಿರುಗಿ ಬಾಗುದು. ಅವರ ನಾಚಿಕೆ ಹೋಗ್ಲಿ ಅಂತ."

ಸೆವ್ರಿನ್ ಬಾಯಿ ಇನ್ನೂ ಬಾಗಿಯೇ ಇದ್ದರು. ಮಂಡಿ ಹಿಡಿದುಕೊಂಡುಬಿಟ್ಟಿತ್ತು.

"ಏಳ್ಲಿಕ್ಕೆ ಮಾತ್ರ ಅವರೇ ಕೈ ಕೊಡ್ಬೇಕಿತ್ತು ನಂಗೆ," ಎಂದು ನಕ್ಕರು.

ಎಲ್ಲರಿಗಿಂತ ಮೊದಲು ಕೈ ಚಾಚಿದವರು ತಿಮ್ಮರಾಯಪ್ಪನವರು. ಆ ಕೈಯ ಮೇಲೆ, ಪಿನ್ನು ಜಾರಿ ತುರುಬು ಬಿಚ್ಚಿಹೋಗಿದ್ದ ಸಹಲಾಳ ಪುಟ್ಟ ಕೈಯೂ ಬಂದು ಕೂತಿತು.