ಲೆಕ್ಕ ಕಷ್ಟವಾದಷ್ಟೂ ತಿಂಡಿ ರುಚಿ

ಪರೀಕ್ಷೆ ಹತ್ತಿರ ಬಂದರೆ ಬೇರೆ ಮನೆಯ ಮಕ್ಕಳು ಸೊರಗುತ್ತಾರೆ. ಈ ಮನೆಯ ಮಗಳು ಮಾತ್ರ ದಿನೇ ದಿನೇ ದುಂಡಗಾಗುತ್ತಿದ್ದಳು. ಕಾಲೇಜಿನ ಮೊದಲ ವರ್ಷ, ಓದಬೇಕಾದ್ದು ರಾಶಿ ರಾಶಿ, ಆದರೂ ಕೆನ್ನೆ ತುಂಬಿಕೊಂಡು ಕಳೆಕಳೆಯಾಗಿದ್ದಳು. ಅವಳ ಗೆಳತಿಯೊಬ್ಬಳಿದ್ದಳು. ಎಲ್ಲಿಗೆ ಹೋದರೂ ಓಡಿಕೊಂಡೇ ಹೋಗುವ ಅವಳಿಗೆ ಜಿಂಕೆ ಎಂದೇ ಹೆಸರು ಬಿದ್ದಿತ್ತು. ಸಂಜೆಯಾಯಿತೆಂದರೆ ಅವಳೂ ಪುಸ್ತಕಗಳನ್ನು ಕಂಕುಳಲ್ಲಿ ಅವುಚಿಕೊಂಡು ಇಲ್ಲಿಗೆ ಹಾಜರ್. ಇಬ್ಬರು ಸೇರಿ ಓದಿದರೆ ಪಾಠ ತಲೆಗೆ ಹತ್ತುತ್ತದೆ ಎಂದು ಅವಳ ವಾದ. ಅದೆಲ್ಲ ಬರೀ ನೆಪ. ಅವಳು ಬರುತ್ತಿದ್ದದ್ದು ಅಮ್ಮನ ತಿಂಡಿಗೆ.

ಅಮ್ಮ ದೊಡ್ಡ ಅಡುಗೆಯನ್ನೇನೂ ಮಾಡುತ್ತಿರಲಿಲ್ಲ. ಓದುವವರ ಹೊಟ್ಟೆ ಭಾರವಾಗಬಾರದು, ಕಣ್ಣು ಎಳೆಯಬಾರದು, ಕೈ ಜಿಡ್ಡಾಗಿ ಪುಸ್ತಕ ಕೊಳೆಯಾಗಬಾರದು, ಅಷ್ಟೇ ಅವಳ ಲೆಕ್ಕಾಚಾರ. ಒಂದು ದಿನ ಹದವಾಗಿ ಹುರಿದ ಕಡಲೆಕಾಯಿ ಬೀಜ, ಇನ್ನೊಂದು ದಿನ ಬೇಯಿಸಿದ ಕಾಳಿಗೆ ನಿಂಬೆರಸ, ಮತ್ತೊಂದು ದಿನ ಮೊಟ್ಟೆಯ ಹೋಳಿನ ಮೇಲೆ ಕಾಳುಮೆಣಸಿನ ಪುಡಿ. ಐದು ನಿಮಿಷದ ಕೆಲಸ. ತಿಂದವರು ಮಾತ್ರ ಹೊಸ ಜೀವ ಬಂದವರ ಹಾಗೆ ಕೂತು ಓದುತ್ತಿದ್ದರು.

ಇಲ್ಲೊಂದು ವಿಷಯ ಹೇಳಬೇಕು. ಊಟದ ಮೇಜಿನ ಆಚೆ ಬದಿಯಲ್ಲಿ ಹುಡುಗಿಯರು ಕೂತರೆ ಈಚೆ ಬದಿಯಲ್ಲಿ ಅಮ್ಮನೂ ಪುಸ್ತಕ ಹಿಡಿದು ಕೂರುತ್ತಿದ್ದಳು. ಅವಳು ಆಸ್ಪತ್ರೆಯಲ್ಲಿ ಆಯಾ. ನೆಲ ಒರೆಸಿ, ಹಾಸಿಗೆ ಬದಲಿಸಿ ಸವೆದ ಕೈ. ರೋಗಿಗಳು ನರ್ಸಮ್ಮನಿಗಿಂತ ಮೊದಲು ಅವಳನ್ನೇ ಕೂಗುತ್ತಿದ್ದರು. ಆದರೆ ಗಾಯಕ್ಕೆ ಪಟ್ಟಿ ಕಟ್ಟಲು, ಜ್ವರ ನೋಡಲು ಅವಳಿಗೆ ಅಧಿಕಾರವಿರಲಿಲ್ಲ. ಅದೊಂದು ಆಸೆ ಅವಳ ಎದೆಯಲ್ಲಿ ಗಟ್ಟಿಯಾಗಿ ಕೂತಿತ್ತು. ಹತ್ತನೇ ತರಗತಿ ಪಾಸಾದರೆ ಸಹಾಯಕ ನರ್ಸ್ ತರಬೇತಿಗೆ ಸೇರಿಸುತ್ತೇನೆಂದು ಹಿರಿಯ ನರ್ಸಮ್ಮ ಮಾತು ಕೊಟ್ಟಿದ್ದರು. ಎಲ್ಲ ವಿಷಯಗಳೂ ಪಾಸಾಗಿದ್ದವು. ಗಣಿತ ಮಾತ್ರ ಎರಡು ಸಲ ಕೈಕೊಟ್ಟಿತ್ತು. ಈ ವರ್ಷವೂ ಆಗಲಿಲ್ಲವೆಂದರೆ ತರಬೇತಿಗೆ ವಯಸ್ಸು ಮೀರುತ್ತಿತ್ತು. ಅಲ್ಲಿಗೆ ಮುಗಿಯಿತು, ಮತ್ತೆ ಪೊರಕೆಯೇ ಗತಿ.

ಇಂಥ ಹೊತ್ತಿನಲ್ಲಿ ಒಂದು ಸಂಜೆ ಜಿಂಕೆ ಬಾಯಿ ತುಂಬ ಖರ್ಜೂರ ತುಂಬಿಕೊಂಡೇ ವಿಚಾರಿಸಿದಳು.

"ಆಂಟಿ, ನಾಳೆ ನಿಮ್ಗೆ ಯಾವ ಪಾಠ? ಮತ್ತೆ ಬೀಜಗಣಿತನಾ? ಹಾಗಿದ್ರೆ ನಾನು ಮಧ್ಯಾಹ್ನ ಊಟನೇ ಮಾಡಲ್ಲ."

ಅವಳೇನೋ ತಮಾಷೆಗೆ ಅಂದಳು. ಮಗಳಿಗೆ ಮಾತ್ರ ಅದು ಚುರುಕ್ಕೆಂದಿತು. ಹೌದಲ್ಲ! ಕೂಡುವ ಕಳೆಯುವ ಲೆಕ್ಕವಿದ್ದ ದಿನ ತಟ್ಟೆಗೆ ಬರೀ ಬಾಳೆಹಣ್ಣು ಬರುತ್ತಿತ್ತು. ಭಿನ್ನರಾಶಿ ಬಂದಾಗ ಬಾಳೆಹಣ್ಣಿನ ಮೇಲೆ ಜೇನುತುಪ್ಪ ಹರಿಯಿತು. ಬಡ್ಡಿ ಲೆಕ್ಕಕ್ಕೆ ಮುಸುಕಿನ ಜೋಳ ಬೆಂದಿತು. ಇವತ್ತು ಎಂಥದೋ ಸಮೀಕರಣ ಬಂದಿದೆ, ಅಮ್ಮ ಒಂದೊಂದೇ ಖರ್ಜೂರದ ಬೀಜ ತೆಗೆದು ಒಳಗೆ ಬಾದಾಮಿ ಕೂರಿಸಿದ್ದಾಳೆ. ಲೆಕ್ಕ ಕಷ್ಟವಾದಷ್ಟೂ ತಿಂಡಿಗೆ ರುಚಿ ಹೆಚ್ಚುತ್ತಿತ್ತು.

ಮರುದಿನ ಮಗಳು ತನ್ನ ಪುಸ್ತಕದ ಮೇಲಿನಿಂದ ಅಮ್ಮನ ಮೇಲೆ ಒಂದು ಕಣ್ಣಿಟ್ಟಳು. ಅಮ್ಮ ಲೆಕ್ಕ ಓದಿದಳು. ಪೆನ್ಸಿಲ್ ಕಚ್ಚಿದಳು. ಇನ್ನೊಂದು ಸಲ ಓದಿ, ಒಂದು ಸಾಲು ಬರೆದು, ಅದನ್ನೇ ದಿಟ್ಟಿಸಿದಳು. ಆಮೇಲೆ ಕುರ್ಚಿ ಹಿಂದಕ್ಕೆ ಸರಿಸಿ, ಪಾಪ ಹುಡುಗಿಯರಿಗೆ ಹಸಿವಾಗಿರಬೇಕು ಎಂದು ತನ್ನಷ್ಟಕ್ಕೇ ಹೇಳಿಕೊಂಡು ಕಾಲಿಗೆ ಬುದ್ಧಿ ಹೇಳಿದಳು. ಮಗಳು ಹಸಿವಿಲ್ಲವೆಂದು ಕೂಗಿದ್ದು ಅವಳ ಕಿವಿಗೆ ಬೀಳಲೇ ಇಲ್ಲ.

ಮಗಳು ಹಿಂದೆಯೇ ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಹೋದ ಸಲ ಪರೀಕ್ಷೆಯಲ್ಲಿ ನಿಜವಾಗಿ ಏನಾಯಿತೆಂದು ಕೇಳಿದಳು. ಅಮ್ಮ ಬಾಣಲೆಯಲ್ಲಿ ಬೀಜ ಕೈಯಾಡಿಸುತ್ತಲೇ ಇದ್ದಳು.

"ಎದ್ದು ಬಂದೆ ಕಣೇ. ಅರ್ಧ ಗಂಟೆ ಆದ್ಮೇಲೆ ಹೋಗೋರು ಹೋಗ್ಬಹುದು ಅಂದ್ರು. ಎರಡು ಸಲನೂ ಎದ್ದು ಬಂದ್ಬಿಟ್ಟೆ."

"ಯಾಕಮ್ಮ?"

"ಆ ಕಾಗದ ನೋಡಿದ್ರೆ ಎದೆ ಡವಡವ ಅನ್ನುತ್ತೆ. ಎಲ್ಲಿ ತಪ್ಪು ಬರೀತೀನೋ ಅಂತ ಕೈನೇ ಓಡಲ್ಲ. ಇಲ್ಲಿ ಒಲೆ ಮುಂದೆ ನಿಂತ್ರೆ ಹಾಗಾಗಲ್ಲ. ಇಲ್ಲಿ ನನ್ನನ್ನ ಯಾರೂ ದಡ್ಡಿ ಅನ್ನಲ್ಲ."

ಇಷ್ಟು ದಿನ ತಾನು ಬೆರಳು ನೆಕ್ಕಿ ನೆಕ್ಕಿ ತಿಂದಿದ್ದು ಅಮ್ಮನ ಹೆದರಿಕೆಯನ್ನಲ್ಲವೇ ಎಂದು ಮಗಳಿಗೆ ತುಂಬಾ ನಾಚಿಕೆಯಾಯಿತು. ಅಮ್ಮನ ಕೈಯಿಂದ ಸೌಟು ಕಿತ್ತುಕೊಂಡು, ಒಲೆ ಆರಿಸಿ, ಅವಳನ್ನು ತೋಳು ಹಿಡಿದು ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಪರೀಕ್ಷೆ ಮುಗಿಯುವ ತನಕ ಸಂಜೆ ಹೊತ್ತು ಅಮ್ಮ ಅಡುಗೆಮನೆಗೆ ಕಾಲಿಡುವಂತಿಲ್ಲ ಎಂದು ಆಜ್ಞೆ ಹೊರಟಿತು. ಅಮ್ಮ ದಮ್ಮಯ್ಯ ಎಂದರೂ ಮಗಳು ಪಟ್ಟು ಬಿಡಲಿಲ್ಲ.

ಹಾಗಾದರೆ ತಿಂಡಿ ಮಾಡುವವರು ಯಾರು? ಅಪ್ಪ! ಆತ ಸ್ಕೂಟರ್ ರಿಪೇರಿ ಮಾಡುವವನು. ಎಂಥ ಹಠಮಾರಿ ಎಂಜಿನ್ನನ್ನೂ ಬಗ್ಗಿಸುತ್ತಿದ್ದವನಿಗೆ ಒಲೆಯ ಉರಿ ಮಾತ್ರ ಜಪ್ಪಯ್ಯ ಎಂದರೂ ಬಗ್ಗಲಿಲ್ಲ. ಮೊದಲ ದಿನವೇ ಕಡಲೆಕಾಯಿ ಬೀಜದ ಕರಕಲು ವಾಸನೆ ಮನೆಯೆಲ್ಲ ತುಂಬಿಕೊಂಡಿತು. ಅಮ್ಮ ಅರ್ಧ ಎದ್ದೇಬಿಟ್ಟಳು. ಜಿಂಕೆ ಹಾರಿ ಬಂದು ಅವಳ ಎರಡೂ ಭುಜ ಅದುಮಿ ಕೂರಿಸಿದಳು. ಕೂತಲ್ಲಿಂದಲೇ ಅಮ್ಮ, ಉರಿ ಸಣ್ಣ ಮಾಡಿ, ಕೈಯಾಡಿಸಿ, ಅಯ್ಯೋ ಇಳಿಸಿ ಎಂದು ಸಂಕಟಪಟ್ಟಳು. ಮಾಡಿದೀನಿ ಮಾರಾಯ್ತಿ, ನೀನು ನಿನ್ನ ಲೆಕ್ಕ ನೋಡು ಎಂದು ಒಳಗಿನಿಂದ ಉತ್ತರ ಬಂತು.

ತಟ್ಟೆಗೆ ಬಂದದ್ದು ಇದ್ದಿಲು. ನಾಲ್ವರೂ ತಿಂದರು. ಹಲ್ಲೆಲ್ಲ ಕಪ್ಪಾದವು. ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮಾರನೇ ದಿನ ಅಪ್ಪ ಮೊಟ್ಟೆ ಬೇಯಿಸಿದ. ಸಿಪ್ಪೆಯ ಜೊತೆ ಅರ್ಧ ಮೊಟ್ಟೆಯೂ ಕಿತ್ತುಬಂತು. ಅದರ ಮಾರನೇ ದಿನ ಜೋಳಕ್ಕೆ ಎರಡು ಸಲ ಉಪ್ಪು ಬಿತ್ತು. ಅಪ್ಪನಿಗೆ ಅದರ ಬಿಸಿ ಏನಾದರೂ ತಟ್ಟಿತೇ? ಉಹೂಂ. ಬೆಂದ ಬೆರಳು ಚೀಪಿಕೊಂಡು, ನಾಳೆ ನೋಡಿ ಹೇಗೆ ಮಾಡ್ತೀನಿ ಎನ್ನುತ್ತಾ ಸಿಳ್ಳೆ ಹಾಕಿಕೊಂಡು ಮತ್ತೆ ಒಲೆಯ ಮುಂದೆ ಹೋಗುತ್ತಿದ್ದ.

ಅಮ್ಮ ಅವನನ್ನೇ ನೋಡುತ್ತಿದ್ದಳು. ಮೊದಲು ರೇಗಿತು, ಆಮೇಲೆ ನಗು ಬಂತು, ಕಡೆಗೆ ಹೊಟ್ಟೆಕಿಚ್ಚೇ ಆಯಿತು.

"ಅಲ್ರೀ, ದಿನಾ ಕೆಡಿಸ್ತೀರಲ್ಲ, ನಿಮ್ಗೆ ಒಂಚೂರೂ ಹೆದರಿಕೆ ಆಗಲ್ವಾ?"

"ಹೆದರಿಕೆ ಯಾಕೆ? ಕೆಟ್ಟಿದ್ದು ಬೀಜ ತಾನೇ, ನಾನಲ್ವಲ್ಲ."

ಅಪ್ಪ ಯೋಚಿಸಿ ಆಡಿದ ಮಾತೇನಲ್ಲ ಅದು. ಅವನ ಗಮನವೆಲ್ಲ ಬಾಣಲೆಯ ಮೇಲಿತ್ತು. ಅಮ್ಮ ಮಾತ್ರ ಪೆನ್ಸಿಲ್ ಎತ್ತಿಕೊಂಡು ಒಂದು ಸಾಲು ಬರೆದಳು, ತಪ್ಪಾಯಿತು, ಗೀಚಿ ಹಾಕಿದಳು. ಇನ್ನೊಂದು ಬರೆದಳು, ಅದೂ ತಪ್ಪು. ಮೂರನೆಯದು ಬರೆಯುವಾಗ ಒಳಗೆ ಏನೋ ಢಣಾರನೆ ಬಿತ್ತು. ಅಮ್ಮ ತಲೆ ಎತ್ತಲಿಲ್ಲ. ಮಗಳು ಮೇಜಿನ ಕೆಳಗೆ ಜಿಂಕೆಯ ಕೈ ಹಿಡಿದು ಗಟ್ಟಿಯಾಗಿ ಅದುಮಿದಳು.

ಪರೀಕ್ಷೆಯ ದಿನ ಅಪ್ಪ ಅಂಗಡಿ ತೆರೆಯಲಿಲ್ಲ. ಅಮ್ಮನನ್ನು ಒಳಗೆ ಕಳಿಸಿ ಮೂವರೂ ಶಾಲೆಯ ಗೇಟಿನ ಎದುರು ಗೋಡೆಗೆ ಒರಗಿ ನಿಂತರು. ಅರ್ಧ ಗಂಟೆಯ ಗಂಟೆ ಹೊಡೆಯಿತು. ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು. ಬಂದವನು ಯಾರೋ ತರುಣ. ಅವನ ಹಿಂದೆ ಹಸಿರು ಬಟ್ಟೆಯ ಹೆಂಗಸೊಬ್ಬಳು, ಅವಳ ಹಿಂದೆ ಇನ್ನಿಬ್ಬರು. ಜಿಂಕೆ ಗೇಟಿನ ತನಕ ಓಡಿ ಹೋಗಿ ಇಣುಕಿ, ಇಲ್ಲ ಎಂದು ತಲೆಯಾಡಿಸಿ ಓಡಿ ಬಂದಳು. ಅಮ್ಮ ಬರಲಿಲ್ಲ.

ಒಂದು ಗಂಟೆಯಾಯಿತು. ಅಮ್ಮ ಬರಲಿಲ್ಲ. ಅಪ್ಪನ ಮುಖ ಅರಳತೊಡಗಿತು. ಒಂದೂವರೆ ಗಂಟೆಯಾದರೂ ಬರಲಿಲ್ಲ! ಅಪ್ಪ ತಡೆಯಲಾರದೆ ತಳ್ಳುಗಾಡಿಯಿಂದ ಒಂದು ಚಿಪ್ಪು ಬಾಳೆಹಣ್ಣು ಕೊಂಡು, ಕಾಯುತ್ತಿದ್ದವರಿಗೆಲ್ಲ ಹಂಚಿ, ಗೇಟಿನ ಕಾವಲುಗಾರನ ಕೈಗೂ ಎರಡು ತುರುಕಿದ. ಏನು ವಿಶೇಷ, ಯಾರಾದರೂ ಬರಬೇಕಿತ್ತಾ ಎಂದು ಆತ ಕೇಳಿದ. ಬರಬೇಕಿತ್ತು, ಇನ್ನೂ ಬಂದಿಲ್ಲ ಎಂದು ಅಪ್ಪ ಹಲ್ಲು ಕಿರಿದು ಹೇಳಿದ. ಕಾವಲುಗಾರ ಇವನನ್ನು ಮೇಲಿಂದ ಕೆಳಗೆ ನೋಡಿ ಸುಮ್ಮನೆ ಹಣ್ಣು ಸುಲಿದುಕೊಂಡ.

ಅಮ್ಮ ಪಾಸಾದಳೋ ಇಲ್ಲವೋ ಎಂದು ಓದುಗರನ್ನು ಕಾಯಿಸುವುದು ಸರಿಯಲ್ಲ. ಪಾಸಾದಳು, ತರಬೇತಿಗೂ ಸೇರಿದಳು. ಆದರೆ ಅದು ತಿಳಿದದ್ದು ಎಷ್ಟೋ ವಾರಗಳ ಮೇಲೆ. ಆ ಮನೆಯವರ ಹಬ್ಬ ಗೇಟಿನ ಮುಂದೆಯೇ ಶುರುವಾಗಿತ್ತು.

ಕೊನೆಯ ಗಂಟೆ ಹೊಡೆಯಿತು. ಎಲ್ಲರೂ ದುಡುದುಡು ಇಳಿದು ಬಂದು, ಅಂಗಳ ಖಾಲಿಯಾದ ಮೇಲೆ ಅಮ್ಮ ಬಂದಳು. ಕೈಗೆ ಶಾಯಿ, ಕೂದಲು ಕೆದರಿ, ಮುಖ ಕೆಂಪಗೆ. ಮಗಳು ಓಡಿ ಹೋಗಿ ಅವಳನ್ನು ತಬ್ಬಿಕೊಂಡು ಅತ್ತೇಬಿಟ್ಟಳು. ಅಮ್ಮನಿಗೆ ಅದರ ಕಡೆ ಗಮನವೇ ಇಲ್ಲ. ತಿರುಗಿ ತಿರುಗಿ ಕಟ್ಟಡದ ಕಡೆಗೇ ಕೆಂಗಣ್ಣು ಬಿಡುತ್ತಿದ್ದಳು.

"ಇನ್ನೆರಡು ಸಾಲು ಬರೆದಿದ್ರೆ ಆ ಲೆಕ್ಕನೂ ಮುಗೀತಿತ್ತು ಕಣೇ. ಬಿಡಿ ಮೇಷ್ಟ್ರೇ ಅಂತ ಹಿಡ್ಕೊಂಡ್ರೂ ಬಿಡದೆ ಕಾಗದ ಕಿತ್ಕೊಂಡು ಹೋದ್ರು. ಮೂರು ಗಂಟೆ ಎಲ್ಲಿ ಸಾಕಾಗುತ್ತೆ, ನೀನೇ ಹೇಳು."