ಹತ್ತರಿಂದ ಹಿಂದಕ್ಕೆ

ಬ್ಯಾಟರಿ ಎಷ್ಟಿದೆ ಎಂದು ಗಂಡ ಕೇಳಿದ, ಅವಳು ಹೇಳಿದಳು. ಆ ಬೆಳಗಿನ ಸಂಸಾರದ ಮಾತು ಅಲ್ಲಿಗೆ ಮುಗಿಯಿತು.

ಗಾಳಿ ಬಿದ್ದುಹೋಗಿ ನಾಲ್ಕು ದಿನ. ಹಾಯಿ, ಹಿಂಡದೆ ಒಣಹಾಕಿದ ದುಪ್ಪಟಿಯಂತೆ ಜೋತುಬಿದ್ದಿತ್ತು. ಸುತ್ತ ಎಣ್ಣೆ ಹೊಯ್ದಂಥ ಸಮುದ್ರ. ಮೂರು ವರ್ಷದಿಂದ ಈ ಹಾಯಿದೋಣಿಯೇ ಮನೆ. ಒಲೆಯಿಂದ ಹಾಸಿಗೆಗೆ ಎರಡೂವರೆ ಹೆಜ್ಜೆ. ಜಗಳವಾಡಿದರೆ ಎದ್ದು ಹೋಗಲು ಇನ್ನೊಂದು ಕೋಣೆಯಿಲ್ಲ. ಹಾಗಾಗಿ ಜಗಳವೂ ಆಗುತ್ತಿರಲಿಲ್ಲ.

ಅವಳು ಅರಿವಳಿಕೆ ವೈದ್ಯೆಯಾಗಿದ್ದವಳು. ಹತ್ತರಿಂದ ಹಿಂದಕ್ಕೆ ಎಣಿಸಿ ಎಂದು ರೋಗಿಗಳಿಗೆ ಹೇಳಿ, ಆರು ಮುಟ್ಟುವಷ್ಟರಲ್ಲಿ ಅವರನ್ನು ಇಲ್ಲವಾಗಿಸಿ, ಮತ್ತೆ ವಾಪಸು ತರುವುದರಲ್ಲಿ ಇಪ್ಪತ್ತಾರು ವರ್ಷ ಕಳೆದಿದ್ದಳು. ಸೇತುವೆ ಕಟ್ಟುತ್ತಿದ್ದ ಗಂಡ ದೋಣಿ ಕೊಳ್ಳೋಣವೆಂದಾಗ ಹೂಂ ಎಂದದ್ದು ಆಪರೇಷನ್ ಕೋಣೆಯ ಬಿಳಿ ಬೆಳಕಿನಿಂದ ಪಾರಾಗಲು. ಇಲ್ಲಿ ಬೆಳಕು ಇನ್ನೂ ಬಿಳಿ.

ಮಧ್ಯಾಹ್ನ ಅವನು ನೀರಿಗಿಳಿದ. ದೋಣಿಯಡಿ ತಿರುಗುವ ಎಂಜಿನ್ನಿನ ರೆಕ್ಕೆಗೆ ಯಾರೋ ಬಿಟ್ಟುಹೋದ ಬಲೆಯ ತುಂಡು ಸುತ್ತಿಕೊಂಡಿತ್ತು. ಸೊಂಟಕ್ಕೆ ಹಗ್ಗ ಕಟ್ಟಿಕೋ ಎಂದಳು. ಅದೂ ಸಿಕ್ಕಿಕೊಳ್ಳುತ್ತದೆ, ನೀನೇ ಹಿಡಿದುಕೊಂಡಿರು ಎಂದ.

ಬಲೆ ಬಿಡಿಸಿ ಅವನು ತಲೆಯೆತ್ತುವುದಕ್ಕೂ ಹಾಯಿ ಪಟ್ಟನೆ ಉಬ್ಬುವುದಕ್ಕೂ ಸರಿಹೋಯಿತು. ಎಲ್ಲಿಂದಲೋ ಗಾಳಿ. ದೋಣಿ ಸದ್ದಿಲ್ಲದೆ ಹೊರಟಿತು. ಗಂಡ ಹಿಂದೆ ಉಳಿದ.

ಹಗ್ಗದ ಸುರುಳಿ ಅವಳ ಕೈಯಲ್ಲೇ ಇತ್ತು. ಎಸೆಯಬೇಕು ಎಂಬುದು ಗೊತ್ತಿತ್ತು, ಬೇರೆ ಡಾಕ್ಟರ ರೋಗಿಯ ವಿಷಯ ಗೊತ್ತಿರುವಂತೆ. ಹತ್ತು, ಎಂದು ಅವಳೊಳಗೆ ಯಾರೋ ಎಣಿಸಿದರು. ಒಂಬತ್ತು. ಅವನ ಬೋಳುತಲೆ ನಿಂಬೆಹಣ್ಣಿನಷ್ಟಾಯಿತು. ಎಂಟು. ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆದರಿಸಿತು. ಏಳು. ಅವನು ಕೂಗಲಿಲ್ಲ, ಕೈಯೆತ್ತಲಿಲ್ಲ, ಈಜಲೂ ಇಲ್ಲ. ತೇಲುತ್ತ ಅವಳನ್ನೇ ನೋಡುತ್ತಿದ್ದ.

ಎಷ್ಟೋ ಕಾಲದಿಂದ ಅವನು ತನ್ನನ್ನು ಹಾಗೆ ನೋಡಿಲ್ಲವೆಂದು ಹೊಳೆಯುವಷ್ಟರಲ್ಲಿ ಕೈ ಹಗ್ಗವನ್ನು ಎಸೆದಿತ್ತು. ಎಟುಕಲಿಲ್ಲ. ಹಾಯಿ ಸಡಿಲಿಸಿ, ಚುಕ್ಕಾಣಿ ತಿರುಗಿಸಿ, ಬಾಯಿಗೆ ಬಂದಂತೆ ಬೈಯುತ್ತ ಇನ್ನೊಮ್ಮೆ ಎಸೆದಳು. ಸಿಕ್ಕಿತು.

ಮೇಲೆ ಹತ್ತಿ ಕೂತವನು ಕಿವಿಯ ನೀರು ಕೊಡವಿಕೊಂಡ.

"ಗಾಳಿ ಬಂತು," ಎಂದ.

"ತಡ ಮಾಡ್ದೆ ನಾನು."

"ನೋಡ್ದೆ."

"ಯಾಕೆ ಅಂತ ಕೇಳಲ್ವಾ?"

ಅವನು ಅಂಗೈ ಬಿಡಿಸಿ ನೋಡಿಕೊಂಡ. ಬಲೆಯ ದಾರ ಕೊಯ್ದು ರಕ್ತ ಬಂದಿತ್ತು. "ನಾನೂ ಕೂಗ್ಲಿಲ್ವಲ್ಲ," ಎಂದ.

ಅವಳು ಪಕ್ಕದಲ್ಲಿ ಕೂತು ಆ ಕೈಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಔಷಧಿ ಒತ್ತಿ ಬಟ್ಟೆ ಸುತ್ತುತ್ತ, ನೋವಾಗ್ತಿದೆಯಾ ಎಂದು ಕೇಳಿದಳು. ನಿದ್ದೆಗೆ ಕಳಿಸಿದವರನ್ನು ಎಂದೂ ಕೇಳಬೇಕಾಗಿ ಬಾರದಿದ್ದ ಪ್ರಶ್ನೆ.

"ಆಗ್ತಿದೆ," ಎಂದ, ಅದೊಂದು ಒಳ್ಳೆಯ ಸುದ್ದಿಯೆಂಬಂತೆ.

ಆಮೇಲೆ ಮಾತು ಬಂತು, ಅಡ್ಡಾದಿಡ್ಡಿಯಾಗಿ. ಆಸ್ಪತ್ರೆಯನ್ನು ನಿಜಕ್ಕೂ ಯಾಕೆ ಬಿಟ್ಟೆನೆಂದು ಅವಳು ಹೇಳಿದಳು. ತನಗೆ ಮೊದಲಿನಿಂದಲೂ ಸಮುದ್ರ ಕಂಡರೆ ಹೆದರಿಕೆ ಎಂದು ಅವನು ಹೇಳಿದ. ಅವಳಿಗೆ ಬಿಕ್ಕಳಿಕೆ ಹತ್ತುವಷ್ಟು ನಗು ಬಂತು.

ಆಗ ಕಂಡಿತು: ದೂರದಲ್ಲಿ ಕಪ್ಪು ಮೋಡವೊಂದು ಮಳೆಯ ಕಾಲು ಇಳಿಬಿಟ್ಟು ನಡೆದುಬರುತ್ತಿತ್ತು. ಇಬ್ಬರೂ ದಡಬಡಿಸಿ ಎದ್ದು, ಕುಡಿಯುವ ನೀರು ಹಿಡಿಯಲು, ಒಳಗಿದ್ದ ಬಕೆಟ್ಟು, ಪಾತ್ರೆ, ಲೋಟ, ಕೊನೆಗೆ ಸೌಟನ್ನೂ ತಂದು ಡೆಕ್ಕಿನ ತುಂಬ ಇಟ್ಟರು. ಮೋಡ ಇತ್ತ ಬರಬಹುದು; ಪಕ್ಕದಲ್ಲೇ ಹಾದುಹೋಗಲೂಬಹುದು. ಖಾಲಿ ಪಾತ್ರೆಗಳು ಬಾಯಿ ತೆರೆದು ಆಕಾಶ ನೋಡುತ್ತಿದ್ದವು. ಅವುಗಳ ನಡುವೆ, ಕಾಲಿಡಲು ಜಾಗ ಉಳಿಯದೆ, ಇಬ್ಬರೂ ಒತ್ತಿಕೊಂಡು ನಿಂತಿದ್ದರು.